ನಮ್ಮ ಬೀದಿಗೆ ಮೋರಿ ಬಂದ ಬಗೆ

ನಾನು ಕೈಯಿಟ್ಟ ಕೆಲಸ ಸುಮ್ಮನೆ ಮುಗಿದದ್ದೇ ಇಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಮೆಟ್ಟೂರಿನ ಅಣೆ ಇವತ್ತು ನೆಟ್ಟಗೆ ನಿಂತಿದ್ದರೆ ಅದಕ್ಕೆ ಗಾರೆ ಮೆತ್ತುವ ನನ್ನ ಕರಣೆಯೇ ಕಾರಣ. ನಾನು ಕೆಲಸಕ್ಕೆ ಹೋಗದ ದಿನ ಕಾವೇರಿಯೇ ಹರಿಯೋಕೆ ಹಿಂದೆಮುಂದೆ ನೋಡುತ್ತಿದ್ದಳು. ಅಂಥ ಅಣೆ ಮುಗಿಸಿ ಧರ್ಮಪುರಿ ಕಡೆಯ ನಮ್ಮೂರಿಗೆ ವಾಪಸು ಬಂದರೆ, ಇಲ್ಲಿ ಮಳೆ ಬಂದಾಗೆಲ್ಲ ಬೀದಿಯ ಕೊಚ್ಚೆ ಸೇದೋ ಬಾವಿಗೇ ಇಳಿಯುತ್ತಿತ್ತು. ಮಕ್ಕಳಿಗೆಲ್ಲ ವಾಂತಿಭೇದಿ.

ಕೊನೆಗೂ ಮುನಿಸಿಪಾಲ್ಟಿಯವರು ಮೋರಿ ಕಟ್ಟೋಣ ಅಂದರು. ಸರ್ಕಾರ ಸಾಲ ಕೊಡುತ್ತೆ, ಊರಿನವರು ತೆರಿಗೆ ಕಟ್ಟಿ ತೀರಿಸಬೇಕು. ಆದರೆ ಮೊದಲು ನಮ್ಮ ಬೀದಿಯಲ್ಲಿ ಕಟ್ಟಿ, ನೀರು ಹರಿಯೋದನ್ನು ಮದ್ರಾಸಿನ ಇಂಜಿನಿಯರಿಗೆ ತೋರಿಸಬೇಕು. ಹರಿದರೆ ಊರಿಗೆಲ್ಲ ಮೋರಿ, ಇಲ್ಲದಿದ್ದರೆ ಯಾರಿಗೂ ಇಲ್ಲ. "ಹರೀಲಿಲ್ಲ ಅಂದ್ರೆ ನನ್ ಕೈಯಿಂದ ಕರಣೆ ಕಿತ್ಕಳ್ಳಿ ಸಾಮಿ" ಅಂತ ಚೇರ್ಮನ್ನರ ಮುಂದೆ ಎದೆ ತಟ್ಟಿ, ಮೇಸ್ತ್ರಿ ಕೆಲಸ ಹಿಡಿದುಕೊಂಡು ಬಂದೆ.

ಮೂರು ಕಾಲಿನ ದುರ್ಬೀನು

ಮೊದಲು ಪ್ಲಾನು. ಓವರ್ಸಿಯರು ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ ಬೀದಿಯ ಏರುತಗ್ಗು ನೋಡತೊಡಗಿದರು. ನಾನೂ ಒಂದು ಕಣ್ಣು ಇಟ್ಟೆ. ಒಳಗೆ ಎಲ್ಲಾ ತಲೆಕೆಳಗು! ಮನೆ, ಮರ, ಎಮ್ಮೆ, ಯಾವುದೂ ನೆಟ್ಟಗಿಲ್ಲ. ಆ ಗಾಜಿನ ಗುಣವೇ ಹಾಗಂತೆ. ಇದನ್ನು ನಾನು ಒಬ್ಬರಿಗೆ ಹೇಳಿದೆ, ಅಷ್ಟೇ. ಹೆಂಗಸರೆಲ್ಲ ಒಳಗೆ ಓಡಿ ಅಗಳಿ ಹಾಕಿಕೊಂಡರು; ಮನುಷ್ಯರು ತಲೆಕೆಳಗಾದರೆ ಸೀರೆ ನಿಂತೀತೇ? ಗಂಡಸರು ಜಗುಲಿಯಲ್ಲಿ ಪಂಚೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಕೂತರು. ರಾಗಿ ಮಂಡಿ ಯಜಮಾನರೊಬ್ಬರು ಮಾತ್ರ ಗಟ್ಟಿ ಆಳು. ನಡುಬೀದಿಯಲ್ಲೇ ನಿಂತಿದ್ದರು, ಸೊಂಟದ ದುಡ್ಡಿನ ಚೀಲವನ್ನು ಎರಡೂ ಕೈಯಲ್ಲಿ ಅದುಮಿಕೊಂಡು.

"ಯಾಕಣ್ಣ, ಪಂಚೆ ಬಿಟ್ಟು ಚೀಲ ಇಡ್ಕಂಡಿದ್ದೀರಾ?" ಅಂದೆ.

"ಪಂಚೆ ಬಿದ್ರೆ ಬೀಳ್ಲಿ ಬಿಡ್ಲಾ. ಚೀಲ ತಲೆಕೆಳಗಾದ್ರೆ ಎಲ್ಲಾ ಮುನಿಸಿಪಾಲ್ಟಿ ಪಾಲು!"

ಮೈ ತೊಳೆಯದ ಬೀದಿ

ತೆರಿಗೆ ಹೇಗೆ ಹಾಕೋದು ಅಂತ ಕೌನ್ಸಿಲಿನವರು ಬಹಳ ಕಿತ್ತಾಡಿ, ಬೀದಿಗೆ ನೀರು ಬಿಡುವ ಬಚ್ಚಲು ಎಷ್ಟೋ ಅಷ್ಟು ತೆರಿಗೆ ಅಂತ ಗೊತ್ತು ಮಾಡಿದರು. ಮುಗಿಯಿತು! ವಸೂಲಿ ಗುಮಾಸ್ತ ಬರೋ ಹೊತ್ತಿಗೆ ಬೀದಿಯ ಬಚ್ಚಲ ತೂತುಗಳೆಲ್ಲ ಮಣ್ಣು ಮೆತ್ತಿಸಿಕೊಂಡು ಗೋಡೆಯಾಗಿದ್ದವು. ಮೂಲೆಮನೆ ಅಜ್ಜಿ ಅವನನ್ನು ಬಾಗಿಲಲ್ಲೇ ತಡೆದಳು.

"ಬಚ್ಚಲಾ? ನಮ್ಮನೇಲಿ ಯಾರೂ ಮೈ ತೊಳ್ಕಳಲ್ಲ ಸಾಮಿ."

"ನಿನ್ ತಲೆಯಿಂದ ನೀರು ತೊಟ್ಟಿಕ್ತಾ ಐತಲ್ಲಜ್ಜಿ?"

"ಬೆವರು. ನಿಮ್ಮನ್ನ ಕಂಡ ಬಯಕ್ಕೆ."

ಮನೆಮನೆಯಲ್ಲೂ ಇದೇ ಮಾತು. ತೆರಿಗೆ ಇಲ್ಲದಿದ್ದರೆ ಸಾಲ ಇಲ್ಲ, ಸಾಲ ಇಲ್ಲದಿದ್ದರೆ ಮೋರಿ ಇಲ್ಲ. ಗುಮಾಸ್ತ ತಲೆ ಮೇಲೆ ಕೈ ಹೊತ್ತು ಕೂತ. "ನಾನಿಲ್ವಾ?" ಅಂದವನೇ ಅಜ್ಜಿ ಮನೆಗೆ ನಡೆದೆ. ಅವಳ ಮೊಮ್ಮಗಳನ್ನು ನೋಡಲು ಕಾರಿಮಂಗಲದಿಂದ ಗಂಡಿನ ಕಡೆಯವರು ಬರುವವರಿದ್ದರು.

"ಅಜ್ಜಿ, ಕಾರಿಮಂಗಲದೋರು ಇನ್ನ ಬರಾಕಿಲ್ವಂತೆ."

"ಯಾಕ್ಲಾ, ಏನಾಯ್ತು?"

"ಮೈ ತೊಳೀದ ಬೀದಿಯಿಂದ ಎಣ್ಣು ತರಲ್ಲ ಅಂದ್ರಂತೆ. ಸುದ್ದಿ ಅಲ್ಲಿಗಂಟ ಓಗೈತೆ."

ಅಜ್ಜಿ ಹಾರೆ ಹಿಡಿದು ತಾನೇ ಬಚ್ಚಲ ತೂತು ಒಡೆದಳು. ಮದುವೆ ವಯಸ್ಸಿನ ಮಕ್ಕಳಿದ್ದ ಮನೆಯವರೆಲ್ಲ ಹಿಂದೆಯೇ ಒಡೆದರು; ಉಳಿದವರು ನಾಚಿಕೆಗೆ ಒಡೆದರು. ಗುಮಾಸ್ತ ಒಂದು ಬಚ್ಚಲಿಗೆ ದುಡ್ಡು ಇಸಕೊಂಡು ಹೊರಟರೆ ಅಜ್ಜಿ ಅವನ ಅಂಗಿ ಹಿಡಿದು ಎಳೆದಳು.

"ಮೂರು ಬಚ್ಚಲು ಅಂತ ಬರ್ಕ. ನಮ್ಮುಡುಗಿ ದಿನಕ್ಕೆ ಮೂರು ಸಲ ಮೈ ತೊಳೀತಾಳೆ!"

ಗಂಗಮ್ಮನ ಪರೀಕ್ಷೆ

ಮೋರಿ ಕಟ್ಟಿದೆ. ಬೀದಿಯ ಮೇಲ್ತುದಿಯಿಂದ ಕೆಳಗಿನ ಬಯಲಿನವರೆಗೆ ಎಂಥ ನುಣುಪು ಅಂತೀರಿ! ಮೇಲೆ ಜಾರಿದ ಇರುವೆ ಬಯಲಿಗೆ ಬಂದೇ ನಿಲ್ಲಬೇಕು. ಮದ್ರಾಸಿನ ಇಂಜಿನಿಯರು ರೈಲಿಳಿದು ಬಂದು ಕೆಳತುದಿಯಲ್ಲಿ ಕೊಡೆ ಹಿಡಿದು ನಿಂತರು. ಮೇಲೆ ಬಂಡಿ ಬಂಡಿ ನೀರು ಸುರಿಸಿ ನಾನೂ ಅವರ ಪಕ್ಕಕ್ಕೆ ಓಡಿ ಬಂದೆ. ಕಾದೆವು. ಒಂದು ಹನಿಯೂ ಬರಲಿಲ್ಲ.

"ತಣ್ಣಿ ಎಂಗಯ್ಯಾ, ಮೇಸ್ತ್ರಿ?" ಅಂದರು. ನೀರೆಲ್ಲಿ ಅಂತ! ಇಳಿಜಾರು ತಪ್ಪಿದೆ, ಸಾಲ ಬೇಡ ಅಂತ ಬರೆಯುತ್ತೇನೆ ಅಂದುಬಿಟ್ಟರು. ನನ್ನ ಕರಣೆ ಹೋದಂತೆಯೇ.

ಬೀದಿಯೊಳಗೆ ಓಡಿ ನೋಡಿದರೆ ಮೋರಿಯ ಉದ್ದಕ್ಕೂ ಅರಿಶಿನ, ಕುಂಕುಮ, ಕರ್ಪೂರ. ಹೊಸ ಬಾವಿ ತೋಡಿದರೂ ಹೊಸ ಕಾಲುವೆ ತೆಗೆದರೂ ಮೊದಲ ನೀರನ್ನು ಮನೆಗೊಂದು ಬಿಂದಿಗೆ ಒಯ್ದು ದೇವರ ಮುಂದೆ ಇಡೋದು ನಮ್ಮವರ ಪದ್ಧತಿ. ಮೋರಿಗೂ ಅದೇ ಮರ್ಯಾದೆ! ಬಿಂದಿಗೆ, ಗಡಿಗೆ, ಚೊಂಬು, ಎಲ್ಲ ತುಂಬಿ ನನ್ನ ಮೋರಿ ಒಣಗಿ ನಿಂತಿತ್ತು.

"ಇದು ಸಾಕ್ಕಡೆ ಕಣ್ರಮ್ಮಾ, ಮೋರಿ!" ಅಂತ ಕೂಗಿದೆ.

ಅಜ್ಜಿ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. "ಯಾರಾನ ಏನಾನ ಬಿಟ್ಟವರಾ ಇದ್ರಾಗೆ? ನಾಳಿಕ್ಕೆ ಮೋರಿ. ಇವತ್ತು ಗಂಗಮ್ಮ."

ಇಂಜಿನಿಯರ ಕಾಲು ಹಿಡಿದು, ಊಟವಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಲು ಒಪ್ಪಿಸಿದೆ. ಹೆಂಗಸರ ಕೈ ಕಟ್ಟಲಾಗದು, ನೀರನ್ನೇ ಕೆಡಿಸಬೇಕು. ಮೇಲ್ತುದಿಯಲ್ಲಿ ನೂಲಿಗೆ ಬಣ್ಣ ಹಾಕುವವನ ಮನೆ ಇತ್ತು. ಅವನ ಬಾನಿಗಳ ನೀಲಿಯನ್ನೆಲ್ಲ ಬಂಡಿಯ ನೀರಿಗೆ ಬೆರೆಸಿದೆ. ನೀಲಿ ನೀರನ್ನು ಯಾರು ದೇವರ ಮುಂದೆ ಇಟ್ಟಾರು? ಇಂಜಿನಿಯರು ಮೇಲೆ ನಿಂತು ನೀಲಿ ಸುರಿದದ್ದನ್ನು ನೋಡಿ, ಜಟಕಾ ಹತ್ತಿ ಹಿಂದಿನ ದಾರಿಯಿಂದ ಕೆಳಗೆ ಬಂದರು.

ನೀರು ಬಂತು! ದಬದಬನೆ ಬಂತು. ಆದರೆ ಎಳನೀರಿನಷ್ಟು ತಿಳಿಯಾಗಿ ಬಂತು.

ಇಂಜಿನಿಯರು ಬಗ್ಗಿ ಬೊಗಸೆಯಲ್ಲಿ ಹಿಡಿದರು, ಬಿಸಿಲಿಗೆ ಎತ್ತಿ ನೋಡಿದರು, ಮೂಸಿದರು. "ಮೇಲೆ ನೀಲಿ, ಕೆಳಗೆ ತಿಳಿ. ನಿನ್ನ ಮೋರಿ ಕೊಳೆಯನ್ನೂ ಸೋಸುತ್ತೇನಯ್ಯಾ?"

"ನಾನು ಕಲಸಿದ ಸಿಮೆಂಟಿನ ಗುಣ ಸಾಮಿ" ಅಂದೆ. ಅಲ್ಲೇ ರುಜು ಹಾಕಿದರು. ಊರಿಗೆಲ್ಲ ಮೋರಿ!

ಹೋಗುವಾಗ ಅವರ ಜಟಕಾ ಬೀದಿಯೊಳಗೇ ತಿರುಗಿತು. ಬಣ್ಣ ಹಾಕುವವನು ದುಡ್ಡಿಲ್ಲದೆ ಒಂದು ಎಳೆಯನ್ನೂ ಮುಟ್ಟುವವನಲ್ಲ. ಬಿಟ್ಟಿ ಬಣ್ಣ ಬಾಗಿಲ ಮುಂದೆ ಹರಿದರೆ ನಮ್ಮವರು ಬಿಟ್ಟಾರೆಯೇ? ಹಳೆ ಸೀರೆ, ಪಂಚೆ, ರುಮಾಲು, ತೊಟ್ಟಿಲ ಬಟ್ಟೆ, ಎಲ್ಲ ಅದ್ದಿ ಅದ್ದಿ ನೀರಿನಲ್ಲಿ ಚಿಟಿಕೆ ಬಣ್ಣ ಉಳಿಯದಂತೆ ಹೀರಿಸಿದ್ದರು. ಹಗ್ಗಹಗ್ಗದ ಮೇಲೂ ನೀಲಿ. ಒಂದು ಬಿಳಿ ಮೇಕೆ ಕೂಡ ಹೊಟ್ಟೆಯವರೆಗೆ ನೀಲಿ.

"ಏನಮ್ಮಾ ಇದು, ಹಬ್ಬವಾ?" ಅಂದರು ಇಂಜಿನಿಯರು.

ಅಜ್ಜಿ ನೀಲಿ ಕೈಗಳನ್ನು ಜೋಡಿಸಿದಳು. "ಊಂ ಸಾಮಿ, ಮೋರಿ ಅಬ್ಬ. ನಿಮ್ ಸರ್ಕಾರದ್ದು ಬಲು ದೊಡ್ ಮನಸು. ತೆರಿಗೆ ಬೇಕಾರೆ ಇನ್ನೊಂದಿಷ್ಟು ಆಕ್ಕಳಿ, ನಾಳಿಕ್ಕೆ ಮಾತ್ರ ಕೆಂಪು ಬಿಡ್ಸಿ!"