ಕೇಪಿಗೆ ಚೊಗರು ಕೊಟ್ಟದ್ದು

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಗಂಡಸು, ಕಾರವಾರದಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಬನಿಯನ್ನನ್ನೂ ಕಳಚಿಟ್ಟು ಕೂತು ಉಣ್ಣೆಯ ಕೇಪೊಂದನ್ನು ಹೆಣೆದಿದ್ದೇನೆ. ಕೇಪು ಎಂದರೆ ತೋಳುಗಳ ಗೊಡವೆಯಿಲ್ಲದೆ ಹೆಗಲಿನಿಂದ ಸುತ್ತಲೂ ಇಳಿಬೀಳುವ ಹೊದಿಕೆ. ಅದಕ್ಕೆ ಜೋಡಿಯಾಗಿ ಕೊರಳನ್ನು ಬಳಸಿ ಕೂರುವ ಒಂದು ಉಣ್ಣೆಯ ಸುತ್ತು. ಸಾಲದ್ದಕ್ಕೆ ಎರಡರ ಮೇಲೂ ಹಗ್ಗದ ಹಾಗೆ ಹೊಸೆದುಕೊಂಡು ಇಳಿಯುವ ಹುರಿಗಳು. ಇದನ್ನೆಲ್ಲ ಹೆಣೆದವನಿಗೆ ಚಳಿಯೆಂದರೆ ಏನೆಂಬುದು ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಡೆ ಚಳಿಯೆಂದರೆ ಬೆಳಗ್ಗೆ ಬಾವಿಯ ನೀರು ಬೆಚ್ಚಗಿದೆ ಎನ್ನಿಸುವ ಕಾಲು ಗಂಟೆ, ಅಷ್ಟೆ. ಅದೂ ವರ್ಷದಲ್ಲಿ ಹತ್ತು ದಿನ.

ಕಾರಣ ನನ್ನ ತಂಗಿ ಗಿರಿಜೆ. ಹಬ್ಬುವಾಡದ ನನ್ನ ಬಾಡಿಗೆ ಮನೆಯಲ್ಲಿದ್ದುಕೊಂಡು ಓದಿ ಪಾಸಾದಳು. ಧಾರವಾಡದಲ್ಲಿ ಮಾಸ್ತರಿಣಿಯರ ತರಬೇತಿಗೆ ಅವಳಿಗೆ ಜಾಗ ಸಿಕ್ಕಿತು. ಬಂದ ಕಾಗದದ ಕೊನೆಗೆ, ವಿದ್ಯಾರ್ಥಿನಿಯರು ಬೆಚ್ಚನೆಯ ಉಡುಪು ತರತಕ್ಕದ್ದು ಎಂದು ಒಂದು ಸಾಲಿತ್ತು. ಹಾರವಾಡದಲ್ಲಿ ಗದ್ದೆ ನೋಡಿಕೊಂಡಿದ್ದ ನಮ್ಮ ಅವ್ವಿಗೆ ಕಾಗದವನ್ನು ಪೂರ್ತಿಯಾಗಿ ಓದಿ ಹೇಳಿದ್ದು ನನ್ನ ಮೂರ್ಖತನ. ಉಳಿದ ಇಪ್ಪತ್ತು ಸಾಲುಗಳು ಅವಳ ಕಿವಿಯ ಹೊರಗೇ ಉಳಿದವು. ಅವ್ವಿಯ ಅಣ್ಣ ಹಿಂದೆ ಕೂಲಿಗೆಂದು ಘಟ್ಟದ ಮೇಲೆ ಹೋದವನು ಕೆಮ್ಮುತ್ತ ಇಳಿದು ಬಂದು, ಮತ್ತೆ ಎದ್ದಿರಲಿಲ್ಲ.

"ಮೈಮೇಲೆ ಗಾಳಿ ಹೋಗದಂಥದು ಒಂದು ಇದ್ರೆ ಹೋಗ್ಲಿ. ಇಲ್ದಿದ್ರೆ ಇಲ್ಲೇ ಇರ್ಲಿ. ನಾ ಒಬ್ಬನ್ನ ಕಳ್ಸಿ ನೋಡಾಗಿದೆ" ಎಂದಳು.

ಈ ಮಾತನ್ನು ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದಳೆಂದು ನನ್ನ ನೆನಪು. ಅಂಗಳದಲ್ಲಿ ಗೆಣಸು ಕೊಯ್ಯುತ್ತ ಹೇಳಿದ್ದು ಎಂದು ಗಿರಿಜೆ ವಾದಿಸುತ್ತಾಳೆ. ಎರಡೂ ನಿಜವಿರಬಹುದು. ಬೇಡ ಎನ್ನುವ ಮಾತನ್ನು ಅವ್ವಿ ಒಂದೇ ಜಾಗದಲ್ಲಿ ಹೇಳಿ ಮುಗಿಸುವವಳಲ್ಲ.

ಮನೆಯಲ್ಲಿ ಕಂಬಳಿ ಇತ್ತು. ಮಳೆಗಾಲದಲ್ಲಿ ಅದನ್ನೇ ಮಡಚಿ ಕೊಪ್ಪೆ ಮಾಡಿ ತಲೆಯ ಮೇಲಿಂದ ಹಾಕಿಕೊಂಡರೆ ಯಾವ ಗಾಳಿಯೂ ಒಳಗೆ ಬರದು. ಗಿರಿಜೆ ಒಪ್ಪಲಿಲ್ಲ. "ಕಂಬಳಿಕೊಪ್ಪೆ ಹಾಕ್ಕಂಡು ಕ್ಲಾಸಿಗೆ ಹೋದ್ರೆ, ಗದ್ದೆ ನಟ್ಟಿ ಮಾಡೂಕೆ ಬಂದವಳು ದಾರಿ ತಪ್ಪಿದಾಳೆ ಅಂತ್ರು" ಎಂದಳು. ಆಗಲೇ ನಾನು ಬಾಯಿ ಹಾಕಿ, ಉಣ್ಣೆಯ ಒಳ್ಳೆಯ ಉಡುಪು ಆಗುತ್ತದೆ, ಅದು ನನ್ನ ಜವಾಬ್ದಾರಿ ಎಂದುಬಿಟ್ಟೆ.

ತಂಗಿಯ ಮೇಲಿನ ಅಕ್ಕರೆ ಹಾಗೆ ಹೇಳಿಸಿತು ಎಂದು ಬರೆದರೆ ಈ ಪ್ರಬಂಧ ಚೆನ್ನಾಗಿ ಕಾಣುತ್ತಿತ್ತು. ನಿಜ ಸಂಗತಿ ಬೇರೆ. ಸ್ಟೇಷನರಿ ಅಂಗಡಿಯಲ್ಲಿ ಮಸಿಬಾಟಲಿಗೆ ಸುತ್ತಿಕೊಟ್ಟಿದ್ದ ವಿಲಾಯತಿ ಹೆಂಗಸರ ಪತ್ರಿಕೆಯ ಹಾಳೆಯೊಂದು ನನ್ನ ಬಳಿ ಇತ್ತು. ಅದರಲ್ಲಿ ಒಬ್ಬ ಬಿಳಿಯ ಮಡ್ಡಮ್ಮ ಹುರಿ ಹುರಿಯಾದ ಕೇಪು ತೊಟ್ಟು, ಅದೇ ಹುರಿಯ ಸುತ್ತನ್ನು ಕೊರಳಿಗೆ ಹಾಕಿ, ಯಾವುದೋ ಗೋಡೆಯನ್ನು ನೋಡುತ್ತಿದ್ದಳು. ಎರಡೇ ಕಡ್ಡಿಗಳಿಂದ, ಒಂದೇ ದಾರದಿಂದ, ಬಟ್ಟೆಯ ಮೇಲೆ ಹಗ್ಗ ಎಲ್ಲಿಂದ ಎದ್ದು ಬಂತು ಎಂದು ನಾನು ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಹಗ್ಗವನ್ನು ಆಮೇಲೆ ಹೊಲಿದಿರಬೇಕು ಎಂದು ಒಂದು ವಾರ ನಂಬಿದೆ. ಚಿತ್ರ ಬರೆದವನ ಮೋಸ ಎಂದು ಇನ್ನೊಂದು ವಾರ. ತಂಗಿಯ ತರಬೇತಿ ನನ್ನ ಈ ಕುತೂಹಲಕ್ಕೆ ಒಂದು ನೆಪವಾಗಿ ಒದಗಿತು.

ಚಿತ್ರದ ಕೆಳಗೆ ವಿಧಾನವನ್ನೂ ಅಚ್ಚು ಹಾಕಿದ್ದರು. ಕೆ ಆರು, ಪಿ ಎರಡು, ಮತ್ತೆ ಕೆ ಆರು. ಹತ್ತು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಅದರಲ್ಲಿ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಕೋಡಿಬಾಗದಲ್ಲಿ ಮೇರಿಬಾಯಿ ಎಂಬ ನಿವೃತ್ತ ನರ್ಸು ಕೂಸುಗಳಿಗೆ ಕಾಲುಚೀಲ ಹೆಣೆಯುತ್ತಾರೆಂದು ಕೇಳಿ ಅಲ್ಲಿಗೆ ಹೋದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ, ಮನೇಲಿ ಹೆಂಗಸರಿಲ್ವಾ?" ಎಂದರು.

"ತಂಗಿ ಇದ್ದಾಳೆ. ಅವಳಿಗೇ ಇದು."

"ಅವಳಿಗೇ ಕಲಿಸ್ಬಹುದಲ್ಲ?"

ನಾನು ಪತ್ರಿಕೆಯ ಹಾಳೆಯನ್ನು ಅವರ ಮುಂದೆ ಬಿಚ್ಚಿಟ್ಟೆ. ಮೇರಿಬಾಯಿ ನಕ್ಕು, ತಮ್ಮ ಎರಡು ಹಳೆಯ ಕಡ್ಡಿಗಳನ್ನು ಕೊಟ್ಟು, ದಾರದ ಕುಣಿಕೆಗಳನ್ನು ಕಡ್ಡಿಗೇರಿಸಿ ಕಣ್ಣು ಹಾಕುವುದನ್ನು, ಕೆ ಎಂದರೆ ನೇರ, ಪಿ ಎಂದರೆ ತಿರುವು ಎಂಬ ಎರಡು ಹೆಣಿಗೆಗಳನ್ನು ಕಲಿಸಿದರು. ಹುರಿಯನ್ನು ಮಾತ್ರ ಅವರೂ ಅರಿಯರು. "ಕೂಸಿನ ಕಾಲಿಗೆ ಹಗ್ಗ ಯಾಕೆ ಬೇಕು?" ಎಂದರು.

ಮುಂಬಯಿಯಿಂದ ಉಣ್ಣೆ ತರಿಸಿದೆ. ಬಣ್ಣ ಬೂದಿಯೋ ನೀಲಿಯೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಆಮೇಲೆ ಅದಕ್ಕೆ ಆದ ಗತಿಯಿಂದಾಗಿ ಸಾಕ್ಷ್ಯವೇ ಉಳಿದಿಲ್ಲ. ಬೆವರಿದ ಬೆರಳಿಗೆ ಉಣ್ಣೆ ಅಂಟಿಕೊಳ್ಳುತ್ತಿತ್ತು. ಅಂಗಿಯ ತುಂಬ ನೂಲಿನ ಧೂಳು ನೋಡಿ ಹೆಡ್‌ಮಾಸ್ತರರು, "ಬೆಕ್ಕು ಸಾಕಿದ್ದೀರೋ?" ಎಂದು ಕೇಳಿದರು. ನಾನು ಹೌದೆಂದೆ. ಗಂಡಸು ಬೆಕ್ಕು ಸಾಕಬಹುದು.

ಹುರಿಯ ಗುಟ್ಟು ಸಿಕ್ಕಿದ್ದು ಒಂದು ಭಾನುವಾರ. ಕಡ್ಡಿಯಿಂದ ಮೂರು ಕಣ್ಣುಗಳು ಜಾರಿದವು. ಅವು ಬಿಚ್ಚಿಹೋಗದಿರಲೆಂದು ಕೈಗೆ ಸಿಕ್ಕಿದ, ಗಿರಿಜೆ ಬೈತಲೆ ತೆಗೆಯುವ ಮುಳ್ಳುಹಂದಿಯ ಮುಳ್ಳಿಗೆ ಏರಿಸಿ ಮುಂದೆ ತೂಗುಬಿಟ್ಟು, ಅವುಗಳ ಹಿಂದಿದ್ದ ಮೂರನ್ನು ಮೊದಲು ಹೆಣೆದೆ. ಆಮೇಲೆ ತೂಗುತ್ತಿದ್ದ ಮೂರನ್ನು ಕರೆದುಕೊಂಡೆ. ನೋಡುತ್ತೇನೆ, ಹಗ್ಗ! ಸರದಿಯಲ್ಲಿ ಮುಂದೆ ನಿಂತವರನ್ನು ಪಕ್ಕಕ್ಕೆ ಸರಿಸಿ ಹಿಂದಿನವರಿಗೆ ಮೊದಲು ಟಿಕೀಟು ಕೊಟ್ಟರೆ ಗಲಾಟೆಯಾಗುತ್ತದಲ್ಲ, ಆ ಗಲಾಟೆಯೇ ಹುರಿ. ಬಟ್ಟೆಯ ಬೆನ್ನು ತಿರುವಿದರೆ ಹಗ್ಗವೂ ಇಲ್ಲ, ಏನೂ ಇಲ್ಲ. ನಾವು ಕಳೆದದ್ದನ್ನು ಹೇಳುವಾಗಲೂ ಹೀಗೆಯೇ ಮಾಡುತ್ತೇವೋ ಏನೋ. ಹಿಂದಿನದನ್ನು ಮುಂದೆ ಎಳೆದು ಹೆಣೆದುಬಿಡುತ್ತೇವೆ, ಕೇಳುವವರಿಗೆ ಅಲ್ಲೊಂದು ಹಗ್ಗ ಕಾಣುತ್ತದೆ. ಈ ಭಾನುವಾರದ ಕಥೆಯನ್ನೂ ಅಷ್ಟೇ ನಂಬಿರಿ. ಕಣ್ಣುಗಳು ತಾವಾಗಿ ಜಾರಿದವೋ, ಪತ್ರಿಕೆಯ ಯಾವುದೋ ಸಾಲು ಕೊನೆಗೂ ಅರ್ಥವಾಯಿತೋ, ಖಂಡಿತವಾಗಿ ಹೇಳಲಾರೆ.

ಗುಟ್ಟು ಸಿಕ್ಕಿದ ಮೇಲೆ ಕೇಪು ಬೇಗ ಮುಗಿಯಬೇಕಿತ್ತು. ಬದಲಾಗಿ ನಿಂತೇಹೋಯಿತು. ಮುಂದೆ ತೂಗಿದರೆ ಹುರಿ ಎಡಕ್ಕೆ ವಾಲುತ್ತದೆ, ಹಿಂದೆ ತೂಗಿದರೆ ಬಲಕ್ಕೆ. ಹಾಗಾದರೆ ಒಂದು ಸಲ ಮುಂದೆ, ಒಂದು ಸಲ ಹಿಂದೆ ತೂಗಿದರೆ? ಮೂರರ ಬದಲು ಐದು? ಬಿಚ್ಚಿ ನೋಡಿದೆ. ಮತ್ತೆ ಬಿಚ್ಚಿದೆ. ಗಿರಿಜೆ ಟ್ರಂಕಿಗೆ ಬಣ್ಣ ಬಳಿದು, ಅದರ ಮೇಲೆ ತನ್ನ ಹೆಸರು ಬರೆದು, ಅದು ಒಣಗುವುದನ್ನೂ ನೋಡಿ ಮುಗಿಸಿದ್ದಳು. ನನ್ನ ಮಡಿಲಲ್ಲಿ ಇನ್ನೂ ಗೇಣುದ್ದದ ಬಟ್ಟೆ.

"ಅಣ್ಣಾ, ನಾ ಹೋಗೂದು ಈ ಜೂನಿಗೋ, ಮುಂದಿನ ಜೂನಿಗೋ?" ಎಂದಳು ಒಂದು ಸಂಜೆ.

"ಹುರಿ ಸರಿಯಾಗಿ ಕೂರ್ಬೇಕಲ್ಲೇ."

"ಹುರಿ ಕೂರೂಕೆ ಹೋಗಿ ನಾ ಇಲ್ಲೇ ಕೂರೂ ಹಂಗೆ ಮಾಡ್ಬೇಡ. ಅವ್ವಿ ಬೇಡ ಅಂದ್ರೆ ಅವ್ವಿ ಮೇಲೆ ಸಿಟ್ಟಾಗೂಕೆ ಆಗ್ತದೆ. ನಿನ್ನಿಂದ ಹೋಗೂದು ತಪ್ಪಿದ್ರೆ ನಾ ಯಾರ ಮೇಲೆ ಸಿಟ್ಟಾಗೂದು?"

ನಗುತ್ತಲೇ ಹೇಳಿದಳು. ಆದರೆ ಕಣ್ಣು ನನ್ನ ಕೈಯ ಕಡ್ಡಿಗಳ ಮೇಲೆಯೇ ಇತ್ತು. ನನಗೆ ನಾಚಿಕೆಯಾಯಿತು. ಆಮೇಲೆ ಒಂದು ಕಣ್ಣನ್ನೂ ಬಿಚ್ಚದೆ ಎರಡು ವಾರ ಹೆಣೆದೆ. ಅವಸರಕ್ಕೆ ಕೈ ಸಡಿಲಾಯಿತು. ಹೆಗಲಿನಿಂದ ಮೊಣಕೈವರೆಗೆ ಬರಬೇಕಾದ ಕೇಪು ಮೊಣಕಾಲವರೆಗೆ ಬಂತು. ಕೊರಳಸುತ್ತಿನಲ್ಲಿ ಇಬ್ಬರು ಒಟ್ಟಿಗೆ ತಲೆ ತೂರಿಸಬಹುದಿತ್ತು. ಹುರಿಗಳು ಮಾತ್ರ ಸೊಗಸಾಗಿದ್ದವು.

ಹೊರಡಲು ಎರಡು ದಿನವಿರುವಾಗ ನಾವಿಬ್ಬರೂ ಹಾರವಾಡಕ್ಕೆ ಹೋದೆವು. ಅವ್ವಿ ಕೇಪನ್ನು ಬೆಳಕಿಗೆ ಹಿಡಿದಳು. ಅದರ ಮೂಲಕ ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಅದು ಒಳ್ಳೆಯ ಲಕ್ಷಣವಲ್ಲ. ಪಕ್ಕದ ಮನೆಯ ತಿಮ್ಮಜ್ಜನನ್ನು ಕರೆದಳು. ಅರವತ್ತು ವರ್ಷ ಬಲೆ ಹೆಣೆದ ಮುದುಕ. ಅಜ್ಜ ಕೇಪಿನ ಕಣ್ಣುಗಳಿಗೆ ಬೆರಳು ತೂರಿಸಿ, ಎರಡೂ ಕಡೆ ಜಗ್ಗಿ ನೋಡಿದ.

"ಯಾವ ಮೀನಿಗೆ ಮಾಸ್ತರೆ ಇದು?"

"ಮೀನಿಗಲ್ಲ ಅಜ್ಜಾ, ಗಿರಿಜೆಗೆ."

"ತಪ್ಪಿಸ್ಕಂಡು ಹೋಗ್ತದೆ" ಎಂದ. ಗಿರಿಜೆ ಬಿದ್ದು ಬಿದ್ದು ನಕ್ಕಳು. ಅವ್ವಿ ನಗಲಿಲ್ಲ. ಕೇಪನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡು, "ಇದ್ರಲ್ಲಿ ಗಾಳಿ ನಿಲ್ಲೂದಿಲ್ಲ ತಮಾ" ಎಂದಳು. ಗಿರಿಜೆಯ ನಗುವೂ ನಿಂತಿತು.

ಮಾರನೆಯ ದಿನ ಬೆಳಗ್ಗೆ, ಏನಾದರಾಗಲಿ ಎಂದು, ಹುಬ್ಬಳ್ಳಿಯ ಮೋಟಾರಿನಲ್ಲಿ ಮರುದಿನಕ್ಕೆ ಗಿರಿಜೆಗೆ ಜಾಗ ಕಾದಿರಿಸಲು ಅಂಕೋಲೆಗೆ ಹೋದೆ. ಮಧ್ಯಾಹ್ನ ಮರಳಿ ಬಂದರೆ ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ, ಅದರಲ್ಲಿ ಕೆಂಪಗೆ ಕುದಿಯುವ ನೀರು, ತಿಮ್ಮಜ್ಜನ ಕೈಯಲ್ಲಿ ಕೋಲು. ಕೋಲಿನ ತುದಿಯಲ್ಲಿ ಒಂದು ಹುರಿ ಮೇಲೆದ್ದು ಮುಳುಗಿತು.

"ಚೊಗರೇ ಕೊಡ್ದೆ ತಂದೀರಲ್ಲ ಮಾಸ್ತರೆ! ಕಲ್ತವ್ರಿಗೆ ಇಷ್ಟೂ ಗೊತ್ತಿಲ್ವನಾ?" ಎಂದು ಅಜ್ಜ ಗದರಿದ. "ಹೊಸ ಬಲೆ ಮತ್ತಿ ತೊಗಟೆ ನೀರಲ್ಲಿ ಕುದೀದೇ ಇದ್ರೆ ಬಿಗಿ ಆಗೂದು ಹೆಂಗೆ?"

ನಮ್ಮೂರಲ್ಲಿ ಹೊಸ ಬಲೆಯನ್ನು ಹಾಗೆ ಮರದ ತೊಗಟೆಯ ಕಷಾಯದಲ್ಲಿ ಕುದಿಸಿ ಚೊಗರು ಕೊಡದೆ ಯಾರೂ ನೀರಿಗಿಳಿಸುವುದಿಲ್ಲ. ಬಲೆ ಹತ್ತಿಯ ನೂಲಿನದು. ಉಣ್ಣೆಯನ್ನು ಬಿಸಿನೀರಿಗೆ ತೋರಿಸಲೂ ಬಾರದೆಂದು ಮೇರಿಬಾಯಿ ನನಗೆ ಮೂರು ಸಲ ಹೇಳಿದ್ದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವ್ವಿ ನನ್ನ ಮುಖ ನೋಡಿದಳು, ಹಂಡೆ ನೋಡಿದಳು. "ಬಿಗಿ ಆಗ್ಲಿ ಅಂತ ನಾನೇ ಹೇಳ್ದೆ. ಯಾಕಾ, ತಪ್ಪಾಯ್ತಾ?" ಎಂದಳು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವಳ ಬಾಯಿಂದ ಕೇಳಿರಲಿಲ್ಲ. ಆಗಲೇ ನನಗೆ ಹೊಳೆದದ್ದು, ಗಿರಿಜೆ ಹೋಗಲೆಂಬ ಆಸೆ ಅವಳಿಗೂ ಇತ್ತು.

ಒಲೆಯ ಕಾವಿಗೆ ಹರವಿದ ಮೇಲೆ ಸಂಜೆಗೆ ಅದು ಒಣಗಿತು. ಬಣ್ಣ ಹುಣಸೆಬೀಜದ್ದು. ಕಣ್ಣುಗಳೆಲ್ಲ ಮುಚ್ಚಿ, ಉಣ್ಣೆ ಒತ್ತಾಗಿ ದಪ್ಪಗಾಗಿ, ಅರ್ಧಕ್ಕಿಂತಲೂ ಕಡಿಮೆಗೆ ಕುಗ್ಗಿತ್ತು. ಗಿರಿಜೆ ಹೆಗಲ ಮೇಲೆ ಹಾಕಿಕೊಂಡಳು. ಮೊಣಕೈಗೆ ಸರಿಯಾಗಿ ಬಂದು ನಿಂತಿತು! ಕೊರಳಸುತ್ತು ಮಾತ್ರ ಯಾರ ತಲೆಗೂ ಹಿಡಿಯದಷ್ಟು ಚಿಕ್ಕದಾಗಿ ಗಟ್ಟಿಯಾಗಿತ್ತು. ಅದನ್ನು ಅವ್ವಿ ಕೊಡದಡಿಯ ಸಿಂಬಿಗೆ ತೆಗೆದಿಟ್ಟಳು. ಆಮೇಲೆ ಮಗಳ ಬೆನ್ನಿಗೆ ಬಾಯಿಟ್ಟು ಕೇಪಿನ ಮೇಲೆ ಜೋರಾಗಿ ಊದಿದಳು. "ಗಾಳಿ ತಾಗ್ತನೇ?"

"ಇಲ್ಲ ಅವ್ವಿ."

ಇನ್ನೊಂದು ಕಡೆ ಊದಿದಳು. ಮತ್ತೊಂದು ಕಡೆ. ಉಸಿರು ಸಾಲದೆ ಕೆಮ್ಮು ಬಂತು. "ಹಂಗಾರೆ ಹೋಗು" ಎಂದು ಒಳಗೆ ಹೋದಳು.

ಗಿರಿಜೆ ಹೋದಳು. ಮೂರು ತಿಂಗಳ ಮೇಲೆ ಅವಳ ಕಾಗದ ಬಂತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಲ್ಲರೂ ನಡುಗುವಾಗ ನಾನೊಬ್ಬಳು ಬೆಚ್ಚಗಿದ್ದೇನೆ, ಇದನ್ನು ಯಾರು ಹೆಣೆದರೆಂದು ಎಲ್ಲರೂ ಕೇಳುತ್ತಾರೆ, ಅಣ್ಣ ಎಂದರೆ ಯಾರೂ ನಂಬಲಿಲ್ಲ, ಆದ್ದರಿಂದ ಅವ್ವಿ ಎಂದೆ, ಈಗ ಸೂಪರಿಂಟೆಂಡೆಂಟ್ ಬಾಯಿಯವರಿಗೂ ಅಂಥದೇ ಒಂದು ಬೇಕಂತೆ, ಅವ್ವಿಗೆ ಹೇಳು ಎಂದು ಬರೆದಿದ್ದಳು.

ಕಡ್ಡಿಗಳನ್ನೂ ಉಳಿದಿದ್ದ ಉಣ್ಣೆಯನ್ನೂ ಚೀಲಕ್ಕೆ ಹಾಕಿಕೊಂಡು ಹಾರವಾಡಕ್ಕೆ ಹೋಗಿ ಅವ್ವಿಗೆ ಓದಿ ಹೇಳಿದೆ, ಈ ಸಲವೂ ಪೂರ್ತಿಯಾಗಿ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಭೀರವಾಗಿ ತಲೆಯಾಡಿಸಿ, "ಹೂಂ, ಮಾಡ್ಕೊಡ್ವಾ. ನೀ ಕಡ್ಡಿ ಹಿಡಿ. ಕಣ್ಣು ಸಡ್ಲ ಹಾಕು, ಹೋದ ಸಲ ನಾ ಹಾಕ್ದಂಗೆ" ಎಂದಳು.

ತಿದ್ದಬೇಕೆಂದು ಬಾಯಿ ತೆರೆದೆ. ಆದರೆ ಪತ್ರಿಕೆಯ ಹಾಳೆ ಎಲ್ಲೋ ಕಳೆದುಹೋಗಿತ್ತು. ಅಷ್ಟು ಸಲ ಬಿಚ್ಚಿ ಹೆಣೆದದ್ದರಲ್ಲಿ ಲೆಕ್ಕವೂ ನನಗೆ ಮರೆತಿತ್ತು. ಕಡ್ಡಿಗೆ ಉಣ್ಣೆ ಸುತ್ತುತ್ತ ಅವಳನ್ನೇ ಕೇಳಿದೆ: "ಎಷ್ಟು ಕಣ್ಣು ಹಾಕಿದ್ದೆ ಅವ್ವಿ?"

"ನೂರಾ ನಲ್ವತ್ನಾಕು" ಎಂದಳು, ಒಂದು ಕ್ಷಣವೂ ಯೋಚಿಸದೆ.

ಅಷ್ಟೇ ಹಾಕಿದೆ.