ರಸಮಟ್ಟದ ಗುಳ್ಳೆ ನಡುವೆಯೇ ಇತ್ತು

ಈ ಬೇಸಿಗೆಯಲ್ಲಿ ಹೆಂಡತಿ ಓವನ್ನಿನಲ್ಲಿ ಬೇಯಿಸುವ ಪೈ ವಾಲದಂತೆ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟು ಮನೆ ಬಿಟ್ಟವನು ನಾನು. ಯಾಕೆ ತೊಡಬಾರದು? ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದವನು. ನಮ್ಮ ಜಿಲ್ಲೆಯಲ್ಲಿ ಮಳೆನೀರು ಯಾವ ಕಡೆ ಹರಿಯಬೇಕೆಂದು ನೀರಿಗೇ ಪಾಠ ಹೇಳಿಕೊಟ್ಟವನು. ಅಂಥವನ ಹೆಂಡತಿ ಮಾಡಿದ ಪೈ ಒಂದು ಕಡೆ ಅಂಗೈಯಷ್ಟು ದಪ್ಪ, ಇನ್ನೊಂದು ಕಡೆ ಹಪ್ಪಳ ಎಂದರೆ ನನ್ನ ಮಾನ ಏನಾಗಬೇಡ!

ನಿವೃತ್ತಿಯಾದ ಮೇಲೆ ಪ್ರತಿ ಜೂನಿನಲ್ಲಿ ನಾನೂ ಹೆಂಡತಿ ಮಾರ್ಲೀಸೂ ಪಿಕಪ್ಪಿನ ಹಿಂದೆ ನಮ್ಮ ಗಾಡಿಮನೆಯನ್ನು ಕಟ್ಟಿಕೊಂಡು ಸುಪೀರಿಯರ್ ಸರೋವರದ ದಡಕ್ಕೆ ಬಂದುಬಿಡುತ್ತೇವೆ. ಹಾಸಿಗೆ, ಓವನ್, ಬಚ್ಚಲು ಎಲ್ಲ ಅದರೊಳಗೇ. ಪಕ್ಕದಲ್ಲಿ ಗೆಳೆಯ ಡ್ವೇನ್ ಮತ್ತು ಅವನ ಹೆಂಡತಿ ವಾಂಡಾರ ಗಾಡಿ, ಆಚೆಗೆ ಇನ್ನೂ ಮೂವರು ಗೆಳೆಯರದು. ಬೆಳಿಗ್ಗೆ ಜಲಪಾತದ ದಾರಿ ಹಿಡಿದು ನಡೆಯುವುದು, ಮಧ್ಯಾಹ್ನ ದಡದಲ್ಲಿ ಬಗ್ಗಿ ಕೆಂಪು ಕಲ್ಲು ಹೆಕ್ಕುವುದು, ಸಂಜೆ ಬೆಂಕಿಯ ಸುತ್ತ ಕೂತು ಮಂಡಿನೋವಿನ ವರದಿ ಒಪ್ಪಿಸುವುದು. ಶನಿವಾರ ಎಲ್ಲರೂ ಒಂದೊಂದು ಅಡುಗೆ ಮಾಡಿ ತಂದು ಉದ್ದ ಮೇಜಿನ ಮೇಲೆ ಇಡಬೇಕು. ಮಾರ್ಲೀಸಳ ಪಾಲಿಗೆ ಅವಳ ತಾಯಿಯ ಕಸ್ಟರ್ಡ್ ಪೈ, ಅಂದರೆ ತಟ್ಟೆಗೆ ಹಿಟ್ಟು ಹಾಸಿ, ಮೇಲೆ ಹಾಲು-ಮೊಟ್ಟೆಯ ನೀರುನೀರು ಪಾಕ ಸುರಿದು ಗಟ್ಟಿಯಾಗುವಂತೆ ಬೇಯಿಸುವ ಸಿಹಿ, ಅದೂ ತಾಯಿಯದೇ ನೀಲಿ ತಟ್ಟೆಯಲ್ಲಿ. ನಾಲ್ಕು ಬೇಸಿಗೆಯಿಂದ ಅದು ವಾಲುತ್ತಲೇ ಇತ್ತು. "ಗುಡ್ಡದ ಕಡೆ ಯಾರಿಗೆ, ಕಣಿವೆ ಕಡೆ ಯಾರಿಗೆ?" ಎಂದು ಡ್ವೇನ್ ಚಾಕು ಹಿಡಿದು ಕೇಳುವುದೂ ನಡೆದೇ ಇತ್ತು.

ಈ ಸಲ ಗಾಡಿ ನಿಲ್ಲಿಸುವ ಮೊದಲೇ ಮಾರ್ಲೀಸ್ ಹೇಳಿದಳು. "ನೋಡು ಲೈಲ್, ಈ ವರ್ಷವೂ ಹಾಗೇ ಆದ್ರೆ ಅಮ್ಮನ ತಟ್ಟೆ ವಾಂಡಾಗೆ ಕೊಟ್ಬಿಡ್ತೀನಿ. ಇನ್ಮೇಲೆ ಅಂಗಡಿ ಬಿಸ್ಕತ್ತೇ ಗತಿ."

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಆ ತಟ್ಟೆಯನ್ನು ಅವಳು ಮನೆಯಿಂದ ಮಡಿಲಲ್ಲಿ ಇಟ್ಟುಕೊಂಡೇ ಬಂದಿದ್ದಳು.

"ಚಿಂತೆ ಬಿಡು," ಎಂದೆ. "ಗಾಡಿ ಮಟ್ಟ ಮಾಡೋಕೆ ನಾನಿದ್ದೀನಲ್ಲ."

ಗಾಡಿಯ ಮುಂದಿನ ಗೋಡೆಗೆ ಅಂಟಿಸಿದ ಪುಟ್ಟ ರಸಮಟ್ಟವಿದೆ; ಅದರ ಗಾಜಿನ ನಳಿಕೆಯೊಳಗಿನ ಗುಳ್ಳೆ ನಡುವೆ ನಿಂತರೆ ಗಾಡಿ ಮಟ್ಟಸ ಎಂದು ಲೆಕ್ಕ. ಅದನ್ನು ಅಂಟಿಸಿದ್ದು ನಾನೇ, ನಮ್ಮ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು. ಡ್ವೇನನ ಗಾಡಿಯನ್ನೂ ಅಲ್ಲಿಗೇ ತರಿಸಿ ಅಂಟಿಸಿಕೊಟ್ಟಿದ್ದೆ, ಧನ್ಯವಾದ ಹೇಳಲು ಬಂದವನನ್ನು ಕೈಯೆತ್ತಿ ತಡೆದಿದ್ದೆ. ಈ ಸಲವೂ ಒಂದು ಗಂಟೆ ಚಕ್ರದಡಿ ಹಲಗೆ ಸೇರಿಸಿ, ತೆಗೆದು, ಮತ್ತೆ ಸೇರಿಸಿ, ಗುಳ್ಳೆಯನ್ನು ಕೂದಲೆಳೆಯೂ ಆಚೀಚೆಯಾಗದಂತೆ ನಡುವೆ ತಂದು ಕೂರಿಸಿದೆ.

ಪೈ ವಾಲಿತು.

"ಓವನ್ ಸರಿಯಿಲ್ಲ," ಎಂದು ತೀರ್ಪು ಕೊಟ್ಟೆ.

ಮಾರ್ಲೀಸ್ ಎರಡನೆಯ ಪೈಯನ್ನು ವಾಂಡಾಳ ಓವನ್ನಿನಲ್ಲಿ ಇಟ್ಟಳು. ಅದೂ ವಾಲಿತು, ಅದೇ ಬಾಗಿಲ ಕಡೆಗೆ, ಅಷ್ಟೇ ಪ್ರಮಾಣದಲ್ಲಿ.

"ನನ್ನ ಓವನ್ನಲ್ಲಿ ಯಾವಾಗ್ಲೂ ಹಿಂಗೇ," ಎಂದಳು ವಾಂಡಾ. "ಅದಕ್ಕೇ ನಾನು ಪ್ರತಿ ಸಲ ಕೋಸಂಬರಿ ಥರದ್ದೇನೋ ಹೆಚ್ಚಿ ತರೋದು."

"ಹಾಗಾದ್ರೆ ಮೊಟ್ಟೆ ಸರಿಯಿಲ್ಲ," ಎಂದೆ.

ಮಾರ್ಲೀಸ್ ನಮ್ಮ ಗಾಡಿಗೆ ವಾಪಸ್ ಬಂದಳು. ಗಾಡಿಯ ಹಿಂಬದಿಯ ಅಡುಗೆ ಕಿಟಕಿಯ ಮುಂದೆ ನಿಂತು ಸರೋವರವನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕರೆದಳು.

"ಆ ನೀರಿನ ಗೆರೆ ನೋಡು. ಕಿಟಕಿ ಕಟ್ಟೆ ನೋಡು. ಈ ತುದೀಲಿ ಎರಡೂ ಕೂಡುತ್ತೆ, ಆ ತುದೀಲಿ ಎರಡು ಬೆರಳು ಸಂದು. ವಾಲಿರೋದು ನಮ್ಮ ಗಾಡಿನೋ, ಸುಪೀರಿಯರ್ ಸರೋವರನೋ?"

ನಾನು ಹೇಳಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. "ಗಾಳಿ ಜೋರಾಗಿ ಬೀಸಿದಾಗ ನೀರು ಒಂದು ಕಡೆಗೆ ಸರಿಯೋದುಂಟು," ಎಂದೆ.

ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಡ್ವೇನ್ ಕೆಮ್ಮಿದ.

"ಲೈಲ್," ಎಂದಳು ಮಾರ್ಲೀಸ್, ಮಗುವನ್ನು ಕೇಳುವಷ್ಟು ಮೆತ್ತಗೆ. "ಆ ರಸಮಟ್ಟ ಅಂಟಿಸಿದ್ದು ನಮ್ಮ ಅಂಗಳದಲ್ಲಿ ಅಲ್ವಾ? ಆ ಅಂಗಳದಲ್ಲಿ ನೀರು ನಿಲ್ಲಬಾರದು ಅಂತ ಒಂದು ಕಡೆಗೆ ಇಳಿಜಾರು ಕೊಟ್ಟೋರು ಯಾರು?"

ಕೊಟ್ಟವನು ನಾನೇ. ದಾರ ಕಟ್ಟಿ, ಅಳತೆ ಹಿಡಿದು, ಮೂರು ದಿನ ಕೂಲಿಯವರನ್ನು ಗೋಳುಹೊಯ್ದುಕೊಂಡು ಕೊಟ್ಟ ಇಳಿಜಾರು. ವಾಲಿದ ನೆಲದ ಮೇಲೆ ಗಾಡಿ ನಿಲ್ಲಿಸಿ, ಗುಳ್ಳೆ ನಡುವೆ ಬರುವಂತೆ ಅಂಟಿಸಿದ್ದೆ. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಗಾಡಿಯನ್ನು ನಮ್ಮ ಅಂಗಳದಷ್ಟೇ ವಾಲಿಸಿ ನಿಲ್ಲಿಸುತ್ತ ಬಂದಿದ್ದೆ. ಪಕ್ಕದ ಗಾಡಿಯನ್ನೂ ಕೆಡಿಸಿಟ್ಟಿದ್ದೆ, ಅದೂ ಪುಕ್ಕಟೆಯಾಗಿ.

ಮುಂದಿನ ಕೆಲಸ ಮಾರ್ಲೀಸಳದು. ಅವಳು ಕಿಟಕಿಯಲ್ಲಿ ನಿಂತಳು, ನಾನು ಜಾಕ್ ಹಿಡಿದು ಬಾಗಿಲ ಕಡೆಯ ಚಕ್ರದ ಬಳಿ ಮಲಗಿದೆ. "ಇನ್ನೊಂದು ಹಲಗೆ... ಇನ್ನೊಂದು... ಹಾಂ, ಸಾಕು." ಕಿಟಕಿ ಕಟ್ಟೆಯೂ ಸರೋವರವೂ ಒಂದಾದವು. ರಸಮಟ್ಟದ ಗುಳ್ಳೆ ಮೂಲೆಗೆ ಹೋಗಿ ಮುಖ ಮುಚ್ಚಿಕೊಂಡಿತು. ನನಗೂ ಅಲ್ಲೇ ಜಾಗ ಸಿಕ್ಕಿದ್ದರೆ ಹೋಗುತ್ತಿದ್ದೆ.

ಉಳಿದಿದ್ದ ಮೊಟ್ಟೆಗಳಲ್ಲಿ ಮೂರನೆಯ ಪೈ ಆಯಿತು. ಅದನ್ನು ಉದ್ದ ಮೇಜಿನ ಮೇಲೆ ಇಟ್ಟಾಗ ಡ್ವೇನ್ ಬಗ್ಗಿ, ಒಂದು ಕಣ್ಣು ಮುಚ್ಚಿ, ಸುತ್ತಲೂ ನೋಡಿ, ಚಾಕುವನ್ನು ಮಾರ್ಲೀಸಳ ಕೈಗೇ ಕೊಟ್ಟ. ಅವಳ ಮುಖ ನೋಡಬೇಕಿತ್ತು. ನನಗಂತೂ ಹೊಟ್ಟೆ ತಣ್ಣಗಾಯಿತು. ನೀಲಿ ತಟ್ಟೆ ಖಾಲಿಯಾಗಿ ನಮ್ಮ ಗಾಡಿಗೇ ವಾಪಸ್ ಬಂತು.

ಆದರೆ ತಿಂದು ಮುಗಿಸಿದ ಡ್ವೇನ್ ಸುಮ್ಮನಿರುವ ಪ್ರಾಣಿಯೇ?

"ಒಂದು ಡೌಟು ಮಾರಾಯ," ಎಂದ, ಎಲ್ಲರಿಗೂ ಕೇಳುವಂತೆ. "ಹೋದ ವರ್ಷ ಮೀನು ಹಿಡಿಯುವಾಗ ಏನೋ ಹೇಳಿದ್ದೆಯಲ್ಲ. ರಿಟೈರ್ ಆದ ಮೇಲೆ ಮಾರ್ಲೀಸ್‌ಗೆ ನಿನ್ನ ಮೇಲೆ ಪ್ರೀತಿ ಉಕ್ಕಿಬಿಟ್ಟಿದೆ, ಗಾಡೀಲಿ ದಿನಾ ನಿನ್ನ ಮೈಗೆ ಅಂಟಿಕೊಂಡೇ ಏಳ್ತಾಳೆ ಅಂತ. ನೀನು ಮಲಗೋದು ಪೈ ವಾಲ್ತಿದ್ದ ಆ ಬಾಗಿಲ ಕಡೇನೇ ಅಲ್ವಾ?"

ಮೇಜಿನ ಸುತ್ತ ಇದ್ದವರಿಗೆಲ್ಲ ಲೆಕ್ಕ ಹಾಕಲು ಎರಡು ಕ್ಷಣ ಹಿಡಿಯಿತು. ಆಮೇಲಿನ ನಗು ಸರೋವರದ ಆಚೆ ದಡಕ್ಕೂ ಕೇಳಿಸಿರಬೇಕು. ವಾಂಡಾ ಕಣ್ಣು ಒರೆಸಿಕೊಳ್ಳುತ್ತ ಡ್ವೇನನ ಕಡೆ ಕೈ ತೋರಿಸಿ, "ಇವನ ಭಾರಕ್ಕೇ ಹಾಸಿಗೆ ಕುಸಿದು ನಾನು ಉರುಳ್ತೀನಿ ಅಂದ್ಕೊಂಡು ನಾಲ್ಕು ವರ್ಷದಿಂದ ಸೊಂಟ ಇಳಿಸು ಅಂತ ಬೈತಾ ಇದ್ದೆ," ಎಂದಳು. ಮಾರ್ಲೀಸ್ ಮಾತ್ರ ಕೆಂಪಾಗಿ ತಟ್ಟೆ ತೊಳೆಯಲು ಎದ್ದುಹೋದಳು.

ಮರುದಿನ ಬೆಳಿಗ್ಗೆ ಎದ್ದರೆ ನನ್ನ ಪಕ್ಕ ಮೂರಡಿ ಖಾಲಿ ಹಾಸಿಗೆ. ಆಚೆ ತುದಿಯಲ್ಲಿ ಮಾರ್ಲೀಸ್ ಕೈಕಾಲು ಚಾಚಿ ಸುಖವಾಗಿ ನಿದ್ದೆ ಹೊಡೆಯುತ್ತಿದ್ದಳು. ಅಷ್ಟು ಮಟ್ಟಸವಾದ ಹಾಸಿಗೆಯಲ್ಲಿ ನನಗೆ ಒಂಟಿತನ ಕಾಡಿತು, ಅದನ್ನೇನು ಮುಚ್ಚಿಡುವುದು. ಸದ್ದಿಲ್ಲದೆ ಚಪ್ಪಲಿ ಮೆಟ್ಟಿ, ಜಾಕ್ ತೆಗೆದುಕೊಂಡು ಹೊರಗೆ ಹೋದೆ. ಬಾಗಿಲ ಕಡೆಯ ಚಕ್ರ ಎತ್ತಿ ಮೇಲಿನ ಹಲಗೆಯನ್ನು ಮೆಲ್ಲಗೆ ಎಳೆಯುತ್ತಿದ್ದೆ.

ತಲೆಯ ಮೇಲೆ ಕಿಟಕಿ ತೆರೆದ ಸದ್ದು.

"ಒಂದೇ ಯಾಕೆ ತೆಗೀತೀಯ ಲೈಲ್, ಎರಡೂ ತೆಗಿ," ಎಂದಳು ಮಾರ್ಲೀಸ್. "ಶನಿವಾರ ಮಾತ್ರ ಮರೀದೆ ವಾಪಸ್ ಇಡು. ಮಟ್ಟ ನಾನು ನೋಡ್ತೀನಿ, ನೀನು ನೋಡೋಕೆ ಹೋಗ್ಬೇಡ."