ಶುಭೋದರದ ಮೂಲ

ಮೇಷ್ಟ್ರು: ಗುಣಸಂಧಿ ಕಣೇ! ಶುಭ, ಉದರ ಸೇರಿ ಶುಭೋದರ. ಸಹೋದರ ಇದ್ದ ಹಾಗೆ. ಒಳ್ಳೇ ಹೊಟ್ಟೆ ಉಳ್ಳವನು ಅಂತರ್ಥ.

ಹೆಂಡತಿ: ಮತ್ತೆ ಬಸ್ಸಲ್ಲಿ ಆ ಕಡ್ಡಿ ಪೈಲ್ವಾನನ್ನ ಯಾಕ್ರೀ ಹಾಗಂದ್ರು?

ನಿವೃತ್ತ ಕನ್ನಡ ಮೇಷ್ಟ್ರಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಪದಗಳ ಹುಟ್ಟುಮೂಲ ಹೇಳುವ ಅವರ ಅಂಕಣವನ್ನು ಓದುವವರೇ ಇಲ್ಲ, ಆ ಜಾಗ ಪದಬಂಧಕ್ಕಾದರೂ ಆದೀತು ಎಂದು ಸಂಪಾದಕರು ಗೊಣಗಿದ್ದರು. ಕೊನೆಯ ಅವಕಾಶವೆಂದು, ಮೀಮುಗಳಲ್ಲೆಲ್ಲ ಕುಣಿಯುತ್ತಿದ್ದ ‘ಶುಭೋದರ’ದ ಮೂಲ ಬರೆಯಲು ಹೇಳಿದ್ದರು. ಮೇಷ್ಟ್ರು ಪದವನ್ನು ಶಾಸನಗಳ ಕಾಲಕ್ಕೇ ಒಯ್ದು ನಿಲ್ಲಿಸಿದ್ದರು. ಪಾಪ, ಪುರಾವೆಯೊಂದು ಬಿಟ್ಟು ಮಿಕ್ಕೆಲ್ಲ ಸಿಕ್ಕಿತ್ತು.

ಮೇಷ್ಟ್ರು: ಈಗಿನ ಹುಡುಗರಿಗೆ ಅರ್ಥ ಎಲ್ಲಿ ಗೊತ್ತು?

ಹೆಂಡತಿ: ಚೆನ್ನಾಗೇ ಗೊತ್ತು. ತಾನೇ ತಪ್ಪು ಮಾಡಿ ಎದುರಿಗಿರೋರನ್ನ ಬೈಯೋನು ಶುಭೋದರ.

ಮೇಷ್ಟ್ರು: ಥೂ! ಯಾವ ಶತಮೂರ್ಖ ಶುರು ಮಾಡಿದ್ನೋ!

ಹೆಂಡತಿ: ಹಾಗೆಲ್ಲ ಬೈಬೇಡಿ. ಅವರ ಜೊತೆ ನಾನು ಸಂಸಾರ ಮಾಡ್ತಿದೀನಿ.

ಆಕೆ ಫೋನಿನಲ್ಲಿ ಫ್ಲಾಟಿನವರ ಗ್ರೂಪ್ ತೆರೆದು ಗಂಡನ ಮೂಗಿಗೆ ಹಿಡಿದರು. ಮೇಷ್ಟ್ರದೇ ಸಂದೇಶ: “ಸಮಸ್ತರಿಗೂ ಶುಭೋದರ.” ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕೇಳಿದ್ದರು: “ಹಾಗಂದ್ರೇನು ಸಾರ್?” ಕೆಳಗೆ ಮೇಷ್ಟ್ರ ಗುಡುಗು: “ಇಷ್ಟೂ ಕನ್ನಡ ಬಾರದೆ? ನಿಘಂಟು ನೋಡಿ!” ಯಾರೋ ಪುಣ್ಯಾತ್ಮರು ಅದನ್ನು ಸಿಡುಕು ಮೋರೆಯ ಬೆಕ್ಕಿನ ಫೋಟೋಗೆ ಅಂಟಿಸಿ ಊರ ಮೇಲೆ ಬಿಟ್ಟಿದ್ದರು.

ಮೇಷ್ಟ್ರು: ಅಯ್ಯೋ, ಶುಭೋದಯ ಅಂತಲೇ ಒತ್ತಿದ್ದೆ ಕಣೇ!

ಹೆಂಡತಿ: ಕನ್ನಡಕ ಹಾಕಿರ್ಲಿಲ್ಲ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಿ.

ಮೇಷ್ಟ್ರು: ಮೊದ್ಲೇ ಹೇಳ್ಬಾರ್ದಿತ್ತಾ?

ಹೆಂಡತಿ: ಹೇಳಿದ್ನಲ್ಲ. ನಿಘಂಟು ನೋಡು ಅಂದ್ರಿ.

ಅಷ್ಟರಲ್ಲಿ ಸಂಪಾದಕರ ಫೋನು. ಮೇಷ್ಟ್ರು ಎತ್ತಿಕೊಂಡರು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮೇಷ್ಟ್ರು: ಸಾರ್, ಆ ಜಾಗ ಪದಬಂಧಕ್ಕೇ ಕೊಟ್ಬಿಡಿ. ಶುಭೋದರದ ಮೂಲಪುರುಷ... ನಾನೇ.

ಸಂಪಾದಕರು: ಗೊತ್ತು ಮೇಷ್ಟ್ರೇ! ಅದಕ್ಕೇ ತಾನೆ ನಿಮ್ಮನ್ನ ಕೇಳಿದ್ದು? ಇದ್ದದ್ದು ಇದ್ದ ಹಾಗೆ ಬರೀರಿ. ಜನ ಮುಗಿಬಿದ್ದು ಓದ್ತಾರೆ, ಅಂಕಣ ಎಲ್ಲೂ ಹೋಗಲ್ಲ.

ಮೇಷ್ಟ್ರು ಶಾಸನಗಳನ್ನೆಲ್ಲ ಅಳಿಸಿ ಮೊದಲಿನಿಂದ ಬರೆಯಲು ಕೂತರು. ಮಾನ ಹೋಯಿತೆಂಬ ಸಂಕಟಕ್ಕಿಂತ ಅಂಕಣ ಉಳಿಯಿತೆಂಬ ಖುಷಿಯೇ ಹೆಚ್ಚಾಗಿತ್ತು.

ಹೆಂಡತಿ: ತಗೊಳ್ರೀ, ಕನ್ನಡಕ.

ಮೇಷ್ಟ್ರು: ಅಲ್ಲೇ ಇಡೇ. ಮುಂದಿನ ವಾರಕ್ಕೂ ಒಂದು ಪದ ಬೇಕಲ್ಲ!